ಎಣ್ಣೆ ಡಬ್ಬಿಗೆ ಮೊಳೆ ಹೊಡೆದ ದೀಪಾವಳಿ

ಅಹಮದಾಬಾದಿನ ಸ್ಯಾಟಲೈಟಿನಲ್ಲಿರುವ ನಮ್ಮ ಸೊಸೈಟಿಯಲ್ಲಿ ನನಗೆ ತಾಳ್ಮೆಯ ಹೆಂಗಸು ಎಂಬ ಹೆಸರಿದೆ. ದೀಪಾವಳಿ ರಜೆ ಬಂತೆಂದರೆ ಆರೆಂಟು ಮಕ್ಕಳು ಎಣ್ಣೆ ಡಬ್ಬಿ, ಹಾಲಿನಪುಡಿಯ ಡಬ್ಬಿ, ಶ್ರೀಖಂಡದ ಪ್ಲಾಸ್ಟಿಕ್ ಬಟ್ಟಲು ಹಿಡಿದುಕೊಂಡು ನಮ್ಮ ಬಾಲ್ಕನಿಗೆ ನುಗ್ಗುತ್ತಾರೆ. ಡಬ್ಬಿಗೆ ಮೊಳೆ ಹೊಡೆದು ತೂತು ಮಾಡುವುದು, ಬಣ್ಣ ಹಚ್ಚುವುದು, ಒಳಗೆ ದೀಪವಿಟ್ಟು ಆಕಾಶಬುಟ್ಟಿ ಮಾಡುವುದು, ಎಲ್ಲವನ್ನೂ ಕಲಿಸುತ್ತೇನೆ. ಒಬ್ಬ ಬಣ್ಣ ಚೆಲ್ಲಿದರೂ, ಇನ್ನೊಬ್ಬಳು ಸುತ್ತಿಗೆಯಿಂದ ಟೈಲ್ಸ್ ಒಡೆದರೂ ದನಿ ಎತ್ತುವುದಿಲ್ಲ. ಅವರ ತಾಯಂದಿರು "ಆಂಟಿ, ತಮಾರಿ ಧೀರಜ್ ತೋ ಬಹು!" ಎಂದು ನನ್ನ ತಾಳ್ಮೆಯನ್ನು ಹೊಗಳುತ್ತಾರೆ. ಆ ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಂಡರೆ ಕಳ್ಳಮಾಲು ಇಟ್ಟುಕೊಂಡಂತಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಕ್ಕಳನ್ನು ಹೊಡೆಯುತ್ತಿದ್ದೆ. ಎಲ್ಲ ತಾಯಂದಿರೂ ಒಂದೆರಡು ಏಟು ಹಾಕುತ್ತಾರೆ ಎನ್ನುತ್ತೀರಿ, ಅಂಥದ್ದಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೈ ಬಾಯಿಗಿಂತ ಮೊದಲು ಮಾತಾಡುತ್ತಿತ್ತು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವ ಒಲೆ ಊದುವ ಕೊಳವೆಯಿಂದ ಬಾರಿಸುತ್ತಿದ್ದಳು. ಅವ್ವ ಹೊಡೆದಳೆಂದು ನಾವೇನು ಸತ್ತೆವೇ ಎಂಬುದು ನನ್ನ ಖಾಯಂ ವಾದವಾಗಿತ್ತು. ಈಗ ಆ ವಾದ ಮಾಡುವವರನ್ನು ಕಂಡರೆ ನಾನು ಎದ್ದು ಹೋಗುತ್ತೇನೆ.

ಮದುವೆಯಾಗಿ ಬಂದದ್ದು ವಡೋದರಾಕ್ಕೆ. ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಅವರ ಅಕ್ಕ, ರೈಲ್ವೆಯಲ್ಲಿದ್ದ ಭಾವನ ಜೊತೆ ಅದೇ ಊರಿನಲ್ಲಿದ್ದರು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳು ಒಂದು ಡಬ್ಬಿ ಗೋಧಿ ಹಿಟ್ಟನ್ನು ಬಚ್ಚಲ ಬಕೆಟ್ಟಿಗೆ ಸುರಿದು ಎರಡೂ ಕೈ ಹಾಕಿ ಕಲಸುತ್ತಿದ್ದಳು. ನಾನು ಹೊಡೆದ ಏಟಿಗೆ ಅವಳ ತಲೆ ನಲ್ಲಿಗೆ ಬಡಿಯಿತು. ನನ್ನ ಅಂಗೈ ಉರಿಯಿತು. ಮನೆ ಒಮ್ಮೆಲೇ ಶಾಂತವಾಯಿತು, ಆ ಶಾಂತಿ ನನಗೆ ಹಿತವಾಗಿತ್ತು. ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಆಮೇಲೆ ಸೂರತ್ತಿಗೆ ವರ್ಗವಾಯಿತು. ತಾಪಿ ನದಿಯ ಈಚೆ ದಂಡೆಯ ಅಡಾಜಣ್‌ನಲ್ಲಿ ನಾಲ್ಕನೆಯ ಮಹಡಿಯ ಫ್ಲ್ಯಾಟು. ಅಷ್ಟರಲ್ಲಿ ಮಗನೂ ಹುಟ್ಟಿದ್ದ. ನಾನು ಹೇಳಹೊರಟಿರುವ ವರ್ಷ ಮಗಳಿಗೆ ಹನ್ನೊಂದು, ಮಗನಿಗೆ ಆರು. ನನ್ನ ಕೈಯೂ ದೊಡ್ಡದಾಗಿತ್ತು. ಸ್ಟೀಲ್ ಪಟ್ಟಿ, ಚಪ್ಪಲಿ, ಹಿತ್ತಾಳೆಯ ಸೌಟು, ಕೈಗೆ ಸಿಕ್ಕಿದ್ದು. ಮಗಳ ಕನ್ನಡ ಅಷ್ಟಕ್ಕಷ್ಟೆ. ಹಿಂದಿ, ಗುಜರಾತಿ ಬೆರೆಸಿ ಮಾತಾಡುತ್ತಿದ್ದಳು. ಅದಕ್ಕೂ ಏಟು ಬೀಳುತ್ತಿತ್ತು. ಕನ್ನಡ ಉಳಿಸುವ ಕೆಲಸವನ್ನು ಸೌಟಿನಿಂದ ಮಾಡಿದವಳು ಬಹುಶಃ ನಾನೊಬ್ಬಳೇ ಇರಬೇಕು.

ಸಿಕ್ಕಿಬಿದ್ದದ್ದು ನವರಾತ್ರಿಯಲ್ಲಿ. ಶಾಲೆಯ ಗರ್ಬಾಕ್ಕೆ ಮಗಳು ಹಟ ಮಾಡಿ ಚೋಳಿ ತರಿಸಿಕೊಂಡಿದ್ದಳು. ಇಲ್ಲಿನ ಚೋಳಿಗೆ ಬೆನ್ನೇ ಇರುವುದಿಲ್ಲ, ಎರಡು ಲಾಡಿ ಕಟ್ಟಿದರೆ ಮುಗಿಯಿತು. ಹಿಂದಿನ ದಿನ ನಾನು ಸೌಟಿನಿಂದ ಹೊಡೆದ ಬಾಸುಂಡೆ ಭುಜದಿಂದ ಸೊಂಟದ ತನಕ ಇಳಿದಿತ್ತು. ಮಗಳು ತಾನೇ ಬುದ್ಧಿ ಓಡಿಸಿ ದುಪಟ್ಟಾವನ್ನು ಬೆನ್ನ ಮೇಲೆ ಎಳೆದು ನಾಲ್ಕು ಪಿನ್ ಹಾಕಿಕೊಂಡಿದ್ದಳು. ಕುಣಿತದ ಮೂರನೇ ಸುತ್ತಿಗೆ ಪಿನ್ ಕಿತ್ತುಬಂದು ದುಪಟ್ಟಾ ಕೆಳಗೆ ಬಿತ್ತು. ಟೀಚರ್ ನನಗೆ ಫೋನ್ ಮಾಡಲಿಲ್ಲ, ಗಂಡನಿಗೆ ಮಾಡಿದರು.

ನನ್ನ ಗಂಡ ಮೆತ್ತಗಿನ ಮನುಷ್ಯ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಿಕೊಂಡು ಉಣ್ಣುವ ಜಾತಿ. ಅವತ್ತು ಶಾಲೆಯಿಂದ ಬಂದವರು ಬೂಟನ್ನೂ ಬಿಚ್ಚದೆ ಅಡುಗೆಮನೆಗೆ ಬಂದರು.

"ಇನ್ನೊಮ್ಮೆ ನಿನ್ನ ಕೈ ಅಕಿ ಮ್ಯಾಲೆ ಬಿತ್ತಂದ್ರ, ದೀಪಾವಳಿ ರಜಾ ಮುಗಿಯೂದರಾಗ ಅಕೀನ್ನ ವಡೋದರಾಕ್ಕ ಅಕ್ಕನ ಮನಿಗೆ ಬಿಟ್ಟುಬರ್ತೀನಿ. ಅಲ್ಲೇ ಸಾಲಿಗೆ ಹಾಕ್ತೀನಿ. ಅಕ್ಕನ ಕೂಡ ಮಾತಾಡಿ ಆಗೇದ."

ಅವರು ಕೂಗಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದರು. ಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ದಸರೆಯಿಂದ ದೀಪಾವಳಿಗೆ ಇಪ್ಪತ್ತು ದಿನ. ದೀಪಾವಳಿಯ ಸುತ್ತ ಶಾಲೆಗೆ ಮೂರು ವಾರ ರಜೆ, ಅಂದರೆ ಎರಡೂ ಮಕ್ಕಳು ಇಡೀ ದಿನ ಮನೆಯಲ್ಲಿ. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ಅದು ತನ್ನ ಹಳೆಯ ಕೆಲಸಕ್ಕೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಆಕಾಶಬುಟ್ಟಿಯ ಯೋಚನೆ ಬಂತು. ಬಿದಿರು ಕಡ್ಡಿ, ಬಣ್ಣದ ಹಾಳೆ ಅಲ್ಲ, ಬಡಿಯಬಹುದಾದದ್ದು ಬೇಕಿತ್ತು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಗುಜರಾತಿ ವಿಧವೆಯೊಬ್ಬರಿದ್ದರು. ಇಡೀ ಮಹಡಿ ಅವರನ್ನು ಬಾ ಎಂದು ಕರೆಯುತ್ತಿತ್ತು, ಅಂದರೆ ಅಮ್ಮ. ಇಲ್ಲಿನವರು ಶೇಂಗಾ ಎಣ್ಣೆಯನ್ನು ಹದಿನೈದು ಕಿಲೋದ ಚೌಕ ಡಬ್ಬಿಯಲ್ಲೇ ಕೊಳ್ಳುವುದು, ಪ್ಯಾಕೆಟ್ ತಂದರೆ ಮರ್ಯಾದೆ ಕಡಿಮೆ. ಬಾ ಒಂದು ಖಾಲಿ ಡಬ್ಬಿಯನ್ನು ಮೇಲಿನ ಮುಚ್ಚಳ ಪೂರ್ತಿ ಕತ್ತರಿಸಿ, ಬಿಸಿಲಿಗೆ ಇಟ್ಟು ನನಗೆ ಕೊಟ್ಟರು. ಕೊಡುವಾಗ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ನಮ್ಮ ಗೋಡೆ ತೆಳುವಾಗಿತ್ತು.

ಖಾಲಿ ಡಬ್ಬಿಗೆ ಮೊಳೆ ಹೊಡೆದರೆ ತಗಡು ಒಳಕ್ಕೆ ನೆಗ್ಗುತ್ತದೆ. ಅದಕ್ಕೆ ಕೆಳಗೆ ಕಟ್ಟಡದ ಕೆಲಸ ನಡೆಯುವಲ್ಲಿಂದ ಮರಳು ತಂದು, ನೀರು ಚಿಮುಕಿಸಿ, ಡಬ್ಬಿಗೆ ಗಿಡಿದು ತುಂಬಿದೆವು. ಹಳೆಯ ಪೇಪರಿನ ಮೇಲೆ ನಾನು ಚುಕ್ಕಿ ರಂಗೋಲಿ ಹಾಕಿದೆ, ಹದಿನೈದು ಚುಕ್ಕಿ ಎಂಟರ ತನಕ. ಗೆರೆ ಎಳೆಯಲಿಲ್ಲ. ಚುಕ್ಕಿಯಿದ್ದಲ್ಲಿ ತೂತು, ತೂತಿದ್ದಲ್ಲಿ ಬೆಳಕು. ಪೇಪರನ್ನು ಡಬ್ಬಿಗೆ ಅಂಟಿಸಿ ಚುಕ್ಕಿಗೊಂದರಂತೆ ಮೊಳೆ ಬಡಿಯತೊಡಗಿದೆ.

ಎಂಥ ಸುಖವೆಂದು ಹೇಗೆ ಹೇಳಲಿ! ಒಂದೊಂದು ಏಟಿಗೂ ಕೈಯಿಂದ ಭುಜದ ತನಕ ಜುಮ್ಮೆನ್ನುತ್ತಿತ್ತು. ಬೆಳಿಗ್ಗೆ ಮಗ ಹಾಲು ಚೆಲ್ಲಿದ್ದಕ್ಕೆ ಹತ್ತು ಮೊಳೆ. ಮಗಳು ಕರೆದರೂ ಓ ಅನ್ನದೆ ಟಿವಿ ನೋಡಿದ್ದಕ್ಕೆ ಹದಿನೈದು. ನನ್ನ ಅತ್ತೆ ಫೋನಿನಲ್ಲಿ ಅಂದ ಮಾತಿಗೆ ಒಂದಿಡೀ ಸಾಲು. ಮೂರು ಮೊಳೆ ಸೊಟ್ಟಗಾದವು, ಹೆಬ್ಬೆರಳಿನ ಉಗುರು ಕಪ್ಪಾಯಿತು. ಕೆಳಗಿನ ಮನೆಯವರು ಬಂದು ಶಾ ಮಾಟೆ, ಯಾಕೆ ಇಷ್ಟು ಸದ್ದು ಎಂದು ಜಗಳವಾಡಿ ಹೋದರು. ಮಕ್ಕಳು ಮಾತ್ರ ಖುಷಿಯಾಗಿದ್ದರು. ಮಗಳು ಚುಕ್ಕಿ ಎಣಿಸಿ ಎಲ್ಲಿ ತಪ್ಪಿದೆ ಎನ್ನುತ್ತಿದ್ದಳು, ಮಗ ಮೊಳೆ ಆರಿಸಿ ಕೊಡುತ್ತಿದ್ದ.

ಮಧ್ಯೆ ಮಧ್ಯೆ ಬೇರೆ ಕೆಲಸವೂ ನಡೆಯುತ್ತಿತ್ತು. ಶ್ರೀಖಂಡದ ಬಟ್ಟಲುಗಳನ್ನು ಕತ್ತರಿಸಿ ಹೂವಿನ ಎಸಳು ಮಾಡಿ ಬಾಗಿಲಿಗೆ ತೋರಣ ಕಟ್ಟಿದೆವು. ಉಪ್ಪಿನಕಾಯಿಯ ಗಾಜಿನ ಬರಣಿಗಳನ್ನು ತೊಳೆದು, ಮಗಳು ಒಂದೊಂದಕ್ಕೂ ಕೆಂಪು, ನೀಲಿ, ಹಳದಿ ಬಣ್ಣ ಹಚ್ಚಿ ಒಳಗೆ ಹಣತೆ ಇಡಲು ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಹನ್ನೆರಡು ಬರಣಿ. ನಾನು ಹದಿನೇಳು ದಿನ ಯಾರನ್ನೂ ಮುಟ್ಟಲಿಲ್ಲ. ಗಂಡ ಊಟಕ್ಕೆ ಕೂತಾಗ ನನ್ನ ಕಪ್ಪು ಉಗುರು ನೋಡಿ ನಕ್ಕರು. ಗೆದ್ದೆ ಅಂದುಕೊಂಡೆ.

ಹದಿನೆಂಟನೆಯ ದಿನ ಧನತೇರಸ್. ಕೊನೆಯ ಮೊಳೆ ಬಡಿದಾಗ ಮಧ್ಯಾಹ್ನ ಮೂರು ಗಂಟೆಯಾಗಿರಬಹುದು. "ಮರಳು ತಗೀರಿ, ನಾ ಚಾ ಇಟ್ಟು ಬರ್ತೀನಿ" ಎಂದು ಮಕ್ಕಳಿಗೆ ಹೇಳಿ ಒಳಗೆ ಹೋದೆ.

ಹೊರಗಿನಿಂದ ಮೊಳೆ ಹೊಡೆದರೆ ಒಳಗೆ ಏನಾಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಕೊಬ್ಬರಿ ತುರಿಯುವ ತಗಡನ್ನು ದಿನಾ ಕೈಯಲ್ಲಿ ಹಿಡಿಯುವ ನನಗೆ ಇದು ತಿಳಿಯಬೇಕಿತ್ತು. ಒಂದೊಂದು ತೂತಿನ ಹಿಂದೆಯೂ ಹರಿದ ತಗಡಿನ ನಾಲ್ಕು ಹಲ್ಲು ಎದ್ದು ನಿಂತಿದ್ದವು. ನಾಲ್ಕೂ ಗೋಡೆಗೆ ಸೇರಿ ಎಷ್ಟು ಹಲ್ಲು ಎಂದು ನೀವೇ ಅಂದಾಜು ಮಾಡಿ. ಅದರೊಳಗೆ ಬರಿಗೈ ಹಾಕಿ ಮರಳು ತೆಗೆಯಿರಿ ಎಂದು ಮಕ್ಕಳಿಗೆ ಹೇಳಿದವಳು ನಾನು.

ಚಹಾ ಸೋಸಿಕೊಂಡು ಬಂದು ಲೋಟವನ್ನು ಕೆಳಗಿಟ್ಟು, ಸುತ್ತಿಗೆ ಎತ್ತಿಡೋಣವೆಂದು ಬಗ್ಗಿದೆ. ಹೊರಗೆ ತೆಗೆದ ಮರಳಿನ ಗುಡ್ಡೆಯ ಮೇಲೆ ರಕ್ತವಿತ್ತು. ಒಂದೆರಡು ಹನಿಯಲ್ಲ, ಮರಳು ಮುದ್ದೆಗಟ್ಟುವಷ್ಟು. ಮಗಳು ಅದರ ಮೇಲೆ ಒಣ ಮರಳು ಎಳೆದು ಮುಚ್ಚುತ್ತಿದ್ದಳು. ಮಗ ಬಾಲ್ಕನಿಯ ಬಾಗಿಲ ಹಿಂದೆ ಸರಿದು ನಿಂತಿದ್ದ.

"ಯಾರ ರಗತ ಇದು?"

ಮಗಳು ಇನ್ನಷ್ಟು ಮರಳು ಎಳೆದಳು.

"ಯಾರ ಕೈ ಕೊಯ್ತು? ಹೇಳ್ತೀರೊ ಇಲ್ಲೊ?"

"ಮೇರಾ" ಎಂದು ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಥೋಡಾಸಾ ಆಗ್ಯದ, ಮಮ್ಮಾ. ಕುಛ್ ನಹೀ."

ಬೇರೆ ತಾಯಂದಿರಿಗೆ ರಕ್ತ ಕಂಡರೆ ಅಳು ಬರುತ್ತದಂತೆ. ನನಗೆ ಬಂದದ್ದು ಸಿಟ್ಟು. ನನ್ನ ತಪ್ಪು ಅಂತ ತಲೆಗೆ ಹೊಳೆದ ಕ್ಷಣವೇ ಆ ಸಿಟ್ಟು ಇಮ್ಮಡಿಯಾಯಿತು. ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿ ಒಗೆದೆ. ಅವಳ ಮೇಲೆ ಅಲ್ಲ ಎಂದು ಈಗ ಹೇಳುತ್ತೇನೆ. ಆಗ ಗುರಿ ನೋಡಿದ್ದೆನೆಂದು ಆಣೆ ಮಾಡಲಾರೆ. ಅದು ಅವಳ ಕಿವಿಯ ಪಕ್ಕದಿಂದ ಹಾದು ಬರಣಿಗಳ ಸಾಲಿಗೆ ಬಡಿಯಿತು. ಬಣ್ಣದ ಗಾಜು ಬಾಲ್ಕನಿ ತುಂಬ ಸಿಡಿಯಿತು. ಅದರ ಮೇಲೆಯೇ ದಾಟಿ ಹೋಗಿ ಅವಳ ಕೂದಲು ಹಿಡಿದೆ. ಕೆನ್ನೆಗೆ ಒಂದು, ಮತ್ತೊಂದು, ಮೂರನೆಯದು ಕಿವಿಗೆ ಬಿತ್ತು. "ಕಣ್ಣೇನು ಸತ್ತಾವ? ನೋಡಿ ಕೈ ಹಾಕಾಕ ಬರೂದಿಲ್ಲ?" ಎಂದು ಒದರುತ್ತಲೇ ಇದ್ದೆ. ನನ್ನ ಪಾದಕ್ಕೆ ಗಾಜು ಹೊಕ್ಕದ್ದು ನನಗೆ ತಿಳಿಯಲೇ ಇಲ್ಲ.

ನಾಲ್ಕನೆಯ ಏಟಿಗೆ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಗ ಕಂಡೆ. ಅವಳ ಅಂಗೈಗಳಲ್ಲಿ ಮರಳಿತ್ತು, ಅಷ್ಟೆ. ಒಂದು ಗೀರೂ ಇರಲಿಲ್ಲ.

ತಿರುಗಿ ನೋಡಿದೆ. ಬಾಗಿಲ ಹಿಂದೆ ಮಗ ಬಲಗೈಯನ್ನು ಚಡ್ಡಿಯ ಜೇಬಿನೊಳಗೆ ತುರುಕಿಕೊಂಡು ನಿಂತಿದ್ದ. ಜೇಬು ತೊಯ್ದು ಕಪ್ಪಾಗಿತ್ತು, ತೊಡೆಯ ಮೇಲಿಂದ ಒಂದು ಗೆರೆ ಇಳಿದು ಮೊಣಕಾಲಿಗೆ ಬಂದಿತ್ತು. ಅವನು ಅಳುತ್ತಿರಲಿಲ್ಲ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದ.

ಗಾಜಿನ ಸದ್ದಿಗೆ ಬಾ ಓಡಿ ಬಂದರು. ಹುಡುಗನ ಕೈಗೆ ತಮ್ಮ ಸೀರೆಯ ಸೆರಗನ್ನೇ ಸುತ್ತಿ, ನನ್ನನ್ನೂ ಎಳೆದುಕೊಂಡು ಆಟೋ ಹಿಡಿದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರು. ಎರಡು ಬೆರಳಿಗೆ ಸೇರಿ ಐದು ಹೊಲಿಗೆ ಬಿದ್ದವು. ಡಾಕ್ಟರು ಹೊಲಿಯುವಾಗಲೂ ಮಗ ನನ್ನ ಮುಖ ನೋಡುತ್ತಿದ್ದ, ಅಳಬಹುದೋ ಬೇಡವೋ ಎಂದು ಕೇಳುವವನ ಹಾಗೆ.

ಸಂಜೆ ಗಂಡ ಬಂದರು. ಮಗನ ಬ್ಯಾಂಡೇಜು, ನನ್ನ ಕಾಲಿನ ಪಟ್ಟಿ, ಮಗಳ ಕೆನ್ನೆ, ಮೂರನ್ನೂ ಒಂದೊಂದಾಗಿ ನೋಡಿದರು. ಬಾಯಿ ತೆರೆದದ್ದು ಮಗಳು.

"ಇವನ ಕೈ ಡಬ್ಬಿಗೆ ಕಟ್ ಆತು, ಪಪ್ಪಾ. ನಾ ಭಾಗಕೇ ಬಂದೆ, ಬರಣಿ ಮೇಲೆ ಬಿದ್ದೆ. ಮುಖಕ್ಕ ಲಗಾ."

"ಮಮ್ಮಿ ಹೊಡದಳೇನು?"

"ಇಲ್ಲ."

ಕಣ್ಣು ಮಿಟುಕಿಸದೆ ಹೇಳಿದಳು. ಗಂಡ ನನ್ನ ಕಡೆ ನೋಡಿದರು. ನಾನು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಾಚಿಕೆಗೇಡಿನ ಸಂಗತಿಯೆಂದರೆ, ಆಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮಗಳು ನನ್ನ ಪಕ್ಷ ವಹಿಸಿದಳು, ಎಷ್ಟು ಹೊಡೆದರೂ ನನ್ನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ ಎಂದು ತಿಳಿದೆ. ಅವಳಿಗಿಷ್ಟವಾದ ಹೂರಣದ ಕಡುಬು ಮಾಡಿದೆ. ಕುಂಟುತ್ತಾ ಮಾಡಿದೆ.

ಮರುದಿನ ಕಾಳಿ ಚೌದಸ್, ನಮ್ಮ ನರಕ ಚತುರ್ದಶಿ. ಗುಜರಾತಿನ ಹೆಂಗಸರು ಆ ಸಂಜೆ ಮನೆಯ ಕಕಳಾಟವನ್ನು ಹೊರಗೆ ಹಾಕುತ್ತಾರೆ. ಕಕಳಾಟವೆಂದರೆ ಮನೆಯೊಳಗಿನ ಜಗಳ, ಕಿರಿಕಿರಿ, ಒದರಾಟ. ವಡೆ ಕರಿದು, ಒಂದು ತಂಬಿಗೆ ನೀರು ಹಿಡಿದು ನಾಲ್ಕು ದಾರಿ ಕೂಡುವಲ್ಲಿಗೆ ಹೋಗಿ, ವಡೆ ಇಟ್ಟು ಸುತ್ತ ನೀರಿನ ಗೆರೆ ಹಾಕಿ, ತಿರುಗಿ ನೋಡದೆ ಮನೆಗೆ ಬರಬೇಕು. ಬಾ ಪ್ರತಿವರ್ಷ ಒಬ್ಬರೇ ಹೋಗುತ್ತಿದ್ದರು. ಆ ವರ್ಷ ನಮ್ಮ ಬಾಗಿಲು ಬಡಿದು, "ತಮೇ ಪಣ ಚಾಲೋ, ಛೋಕರಾಂವನೇ ಲೈ ಲೋ" ಎಂದರು. ನೀವೂ ನಡೀರಿ, ಮಕ್ಕಳನ್ನೂ ಕರೆದುಕೊಳ್ಳಿ ಎಂದು. ಆಜ್ಞೆಯ ದನಿಯಿತ್ತು, ಹೋದೆ.

ಚೌಕದಲ್ಲಿ ಆಗಲೇ ಹತ್ತಾರು ಮನೆಯ ವಡೆಗಳು ಬಿದ್ದಿದ್ದವು. ನಾಯಿಗಳು ಹೊಟ್ಟೆ ಬಿರಿಯ ತಿಂದು ಬೇಜಾರಾಗಿ ಕೂತಿದ್ದವು. ಆಟೋದವರು ಎಲ್ಲ ಮನೆಯ ಜಗಳದ ಮೇಲೂ ಚಕ್ರ ಹಾಯಿಸಿಕೊಂಡು ಹೋಗುತ್ತಿದ್ದರು. ಬಾ ವಡೆ ಇಟ್ಟರು, ನಾನು ನೀರು ಸುತ್ತಿದೆ. ಎಲ್ಲರೂ ಬೆನ್ನು ತಿರುಗಿಸಿ ನಡೆದೆವು.

ಲಿಫ್ಟ್ ಕೆಟ್ಟಿತ್ತು. ಬಾ ಮಗನ ಕೈ ಹಿಡಿದು ಮೆಟ್ಟಿಲು ಹತ್ತುತ್ತಾ ಮುಂದೆ ಹೋದರು. ಮಗಳು, ನಾನು ಹಿಂದೆ ಉಳಿದೆವು. ನನ್ನ ಮನಸ್ಸು ಕರಗಿಹೋಗಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಅವಳ ಹೆಗಲ ಮೇಲೆ ಕೈಯಿಟ್ಟು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಕೇಳಿದೆ.

"ನಿನ್ನೆ ಪಪ್ಪಾಗ ನನ್ನ ಹೆಸರು ಯಾಕ ಹೇಳಲಿಲ್ಲ ಪುಟ್ಟಿ?"

ಯಾವ ಉತ್ತರ ಕೇಳಬೇಕೆಂದು ಆಸೆಯಿತ್ತು ನನಗೆ ಎಂದು ನಿಮಗೆ ಗೊತ್ತಿದೆ.

ಅವಳಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ತಮ್ಮನಿಗೆ ಲೆಕ್ಕ ಹೇಳಿಕೊಡುವಾಗಿನ ದನಿಯಲ್ಲಿ, ತನಗೆ ಬರುವಷ್ಟು ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು.

"ಪಪ್ಪಾ ನನ್ನ ಒಬ್ಬಳಿಗೇ ಕಳಸ್ತಾರ, ವಡೋದರಾ. ಆಮ್ಯಾಲೆ ಇವನು ಅಕೇಲಾ ಆಗ್ತಾನ. ನಿನ್ನ ಜೊತಿ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ಕಾಯಲಿಲ್ಲ. ಮೇಲಿನಿಂದ ತಮ್ಮ ಕರೆದದ್ದು ಕೇಳಿ ಎರಡೆರಡು ಮೆಟ್ಟಿಲು ಹಾರಿ ಹೋದಳು. ಹನ್ನೊಂದು ವರ್ಷದ ಹುಡುಗಿ ನನ್ನ ಏಟನ್ನು ತನ್ನ ಮೈಮೇಲೆ ತೆಗೆದುಕೊಳ್ಳಲೆಂದೇ ನನ್ನ ಮನೆಯಲ್ಲಿ ಉಳಿದಿದ್ದಳು. ನಾನು ಅದನ್ನು ಪ್ರೀತಿಯೆಂದು ತಿಳಿದು ಕಡುಬು ಮಾಡಿ ಹಾಕಿದ್ದೆ. ಪ್ರೀತಿಯೇ ಹೌದು, ನನ್ನ ಮೇಲಿನದಲ್ಲ.

ಆ ರಾತ್ರಿಯೇ ಗಂಡನಿಗೆ ಎಲ್ಲ ಹೇಳಿದೆ. ಸುತ್ತಿಗೆಯನ್ನೂ ಸೇರಿಸಿ ಹೇಳಿದೆ. ಅವರು ಕುರ್ಚಿಯ ಕೈಯನ್ನು ಹಿಡಿದು ಕೂತು ಕೇಳಿದರು. "ಅಕಿ ಒಬ್ಬಾಕೀನ್ನ ಕಳಸಬ್ಯಾಡ್ರಿ. ಇಬ್ಬರನ್ನೂ ಕರಕೊಂಡ ಹೋಗ್ರಿ" ಎಂದೆ. ಗಂಡ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಅಕ್ಕನಿಗೆ ಫೋನ್ ಮಾಡಿದರು.

ದೀಪಾವಳಿಯ ದಿನ ಅವರೇ ಡಬ್ಬಿಯ ಒಳಗಿನ ಹಲ್ಲುಗಳನ್ನೆಲ್ಲ ಲಟ್ಟಣಿಗೆಯಿಂದ ಒತ್ತಿ ಮಡಚಿ, ದೀಪ ಹಾಕಿ ತೂಗುಬಿಟ್ಟರು. ಮಗ ಕೇಳಿದನೆಂದು ಹಾಗೆ ಮಾಡಿದರು. ಎದುರು ಗೋಡೆಯ ತುಂಬ ಚುಕ್ಕಿ ಬಿದ್ದವು. ನೋಡಿದವರೆಲ್ಲ ಚೆನ್ನಾಗಿದೆ ಎಂದರು, ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ರಜೆ ಮುಗಿಯುವ ಹಿಂದಿನ ಭಾನುವಾರ ಇಬ್ಬರನ್ನೂ ರೈಲಿಗೆ ಹತ್ತಿಸಿದೆವು. ಗಂಡ ಜೊತೆಗೆ ಹೋದರು. ಬ್ಯಾಗು ತುಂಬಿದ್ದು ನಾನೇ, ಮಗನ ಹೊಲಿಗೆಯ ಮುಲಾಮನ್ನು ಮೇಲಿನ ಜೇಬಿನಲ್ಲಿಟ್ಟೆ. ಮನೆಗೆ ಬಂದು ಬಾಲ್ಕನಿಯನ್ನು ಮತ್ತೊಮ್ಮೆ ಗುಡಿಸಿದೆ. ಮೂಲೆಯಲ್ಲಿ ಇನ್ನೂ ನೀಲಿ ಗಾಜಿನ ಚೂರುಗಳಿದ್ದವು. ಒಂದೂವರೆ ವರ್ಷ ಅವರು ಅಲ್ಲೇ ಓದಿದರು. ಅಷ್ಟು ದಿನ ನಾನು ಒಬ್ಬ ಮನಸ್ಸಿನ ಡಾಕ್ಟರ ಬಳಿ ಹೋಗಿ ಕೂತು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮಾತಾಡುವುದನ್ನು ಕಲಿತೆ. ಅದೆಲ್ಲ ಬೇರೆ ಕತೆ, ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ.

ಮಕ್ಕಳು ಹೋಗಿ ಎಂಟು ದಿನಕ್ಕೆ ಗಂಡನ ಅಕ್ಕ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ನನ್ನನ್ನು ಚುಚ್ಚುವ ಉದ್ದೇಶವಿರಲಿಲ್ಲ. ಅವರಿಗೆ ನಿಜವಾಗಿ ಸಾಕಾಗಿತ್ತು.

"ನಿನ್ನ ಮಗಾ ಏನ್ ಗದ್ದಲಾ ಹಾಕ್ತಾನವಾ! ಮುಂಜಾನೆ ಎದ್ದಾಗಿಂದ ಹಾಡು, ಒದರಾಟ, ಜಿಗದಾಟ. ನಿನ್ನೆ ಸೋಫಾದ ಮ್ಯಾಲಿಂದ ಹಾರಿ ಕುಂಡಾ ಒಡದಾನ. ಬೈದ್ರ ಕಿಸಕ್ಕಂತ ನಗ್ತಾನ. ನೀ ಹೆಂಗ ಸಂಭಾಳಸ್ತಿದ್ದಿ ಇವನ್ನ?"

ಅವರ ಮಾತಿನ ಹಿಂದೆ ಒಂದು ಮಗು ಗಂಟಲು ಹರಿಯುವಂತೆ ಹಾಡುತ್ತಿತ್ತು. ಏನೋ ಅರ್ಥವಿಲ್ಲದ್ದು, ತಾನೇ ಕಟ್ಟಿಕೊಂಡದ್ದು. ನಡುನಡುವೆ ಕೇಕೆ.

"ಅದು ಯಾರು ಅಕ್ಕಾ, ಅಲ್ಲೆ ಒದರಾಕತ್ತಿದ್ದು?" ಎಂದೆ.

"ಯಾರಂದ್ರ? ನಿನ್ನ ಮಗನಽ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆರು ವರ್ಷ ಸಾಕಿದ್ದೆ, ಆ ದನಿಯ ಗುರುತು ನನಗೆ ಸಿಕ್ಕಿರಲಿಲ್ಲ.